ಬಾಯಿಗೆ ಏನಾದರೂ ಹಾಕಿದಿರಾ?

ನನ್ನ ಮೊಮ್ಮಗಳು ಈಗ ಆಂಬುಲೆನ್ಸಿನಲ್ಲಿ ಕೆಲಸ ಮಾಡುತ್ತಾಳೆ. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಶಿರಾಳಕೊಪ್ಪದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದ್ದೇನೆ. ಕುರಿಯ ಉಣ್ಣೆ ಕತ್ತರಿಸಲು ಬಂದವರಿಗೆ ಹೇಳಿದ್ದೇನೆ. ಬಂದಳಿಕೆಯ ಹಳೆಯ ಗುಡಿ ನೋಡಲು ಕಾರಿನಲ್ಲಿ ಬಂದು ದಾರಿ ಕೇಳಿದವರಿಗೂ ಹೇಳಿದ್ದೇನೆ. ಪಾಪ, ಅವರು ಕೇಳಿದ್ದು ಎಡಕ್ಕೋ ಬಲಕ್ಕೋ ಅಂತ ಅಷ್ಟೇ. ನನ್ನ ಹೆಂಡತಿ ನಗುತ್ತಾಳೆ. "ಊರಿಗೆಲ್ಲ ಆಯ್ತು, ಇನ್ನು ಕುರಿಗಳಿಗೂ ಹೇಳಿ ಬಿಡ್ರಿ" ಎನ್ನುತ್ತಾಳೆ. ಕುರಿಗಳಿಗೆ ಮೊದಲೇ ಹೇಳಿದ್ದೆ.

ಎದೆ ತುಂಬಿ ಬಂದಾಗ ಹೇಳದೆ ಇರುವುದು ನನ್ನ ಕೈಲಾಗುವುದಿಲ್ಲ. ಆದರೆ ಈ ಸಂತೋಷಕ್ಕೆ ಹಿಂದೆ ಒಂದು ಸಂಕಟ ಇದೆ. ಅದನ್ನು ಬಿಟ್ಟು ಬರೀ ಸಂತೋಷ ಬರೆದರೆ ಸುಳ್ಳಾಗುತ್ತದೆ, ಸುಳ್ಳು ಹೇಳಿ ನಾನು ಒಮ್ಮೆ ಅನುಭವಿಸಿದ್ದು ಸಾಕು. ನಾನು ಓದಿದ್ದು ಮೂರನೇ ಕ್ಲಾಸಿನ ತನಕ. ಮೊಮ್ಮಗಳ ಹಳೆಯ ನೋಟುಪುಸ್ತಕಗಳಲ್ಲಿ ಖಾಲಿ ಹಾಳೆಗಳು ಬೇಕಾದಷ್ಟು ಉಳಿದಿದ್ದವು. ಅದರಲ್ಲೇ ಬರೆಯುತ್ತಿದ್ದೇನೆ.

ಮೊಮ್ಮಗಳು ಎಂದರೆ ನನ್ನ ಮಗಳ ಮಗಳು. ಮಗಳು ತೀರಿಕೊಂಡಾಗ ಇವಳಿಗೆ ಆರು ವರ್ಷ. ಮನೆಯಳಿಯನಾಗಿದ್ದವನು ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆ ಮಾಡಿಕೊಂಡು ಹಾನಗಲ್ಲಿನ ಕಡೆ ಹೋದ. ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದು ಒಂದು ಮಾತು ಹೇಳಿದ. ನಾವು ಬೇಡ ಎಂದೆವು. ಅವನು ಎರಡನೇ ಸಲ ಕೇಳಲಿಲ್ಲ. ಹಾಗೆ ಅವಳು ನಮ್ಮ ಹತ್ತಿರ, ಕುರಿಮರಿಗಳ ಜತೆಗೆ ಬೆಳೆದಳು.

ಪಿಯುಸಿ ಪಾಸಾದ ಮೇಲೆ ಎಲ್ಲರೂ ನರ್ಸಿಂಗಿಗೆ ಹಾಕಿ ಎಂದರು. ಅವಳು ಒಪ್ಪಲಿಲ್ಲ. ಸೊರಬದಲ್ಲಿ ಕೆಲಸ ಕಲಿಸುವ ಒಂದು ಸಣ್ಣ ಕಾಲೇಜಿದೆ, ಅಲ್ಲಿ ಆಂಬುಲೆನ್ಸಿನಲ್ಲಿ ಹೋಗುವವರ ಕೋರ್ಸು ಇದೆ, ಅದಕ್ಕೇ ಸೇರುತ್ತೇನೆ ಎಂದು ಹಟ ಹಿಡಿದಳು.

"ಆಂಬುಲೆನ್ಸಲ್ಲಿ ಡ್ರೈವರ್ ಹೋಗ್ತಾನೆ, ಕಾಯಿಲೆಯೋನು ಹೋಗ್ತಾನೆ. ಮಧ್ಯ ನೀನ್ಯಾರೇ?" ಎಂದು ಅಜ್ಜಿ ಕೇಳಿದಳು.

"ಆ ಕಾಯಿಲೆಯೋನ ಜೀವ ಆಸ್ಪತ್ರೆ ಮುಟ್ಟೋತನಕ ಹಿಡ್ಕೊಂಡು ಕೂರೋಳು ನಾನು, ಅಜ್ಜಿ."

ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಅವ್ವನಿಗೆ ಆಂಬುಲೆನ್ಸ್ ಲೇಟಾಗಿ ಬಂತಲ್ಲ ಅಜ್ಜ. ಬಂದೋನಿಗೂ ಕೆಲಸ ಗೊತ್ತಿರಲಿಲ್ಲ. ನಾನಿರೋ ಗಾಡಿಯಲ್ಲಿ ಹಂಗಾಗಕ್ಕೆ ಬಿಡಲ್ಲ."

ನಾನು ತಲೆಯಾಡಿಸಿದೆ. ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲಿ, ನಮ್ಮ ಕೇರಿಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಅದು. ಆಂಬುಲೆನ್ಸ್ ಲೇಟಾಗಿ ಬಂತು. ಅದು ಪೂರಾ ನಿಜವಲ್ಲ ಎಂಬುದು ನನಗೆ ಮಾತ್ರ ಗೊತ್ತಿದೆ ಎಂದುಕೊಂಡಿದ್ದೆ.

ಕಾಲೇಜಿಗೆ ಸೇರಿಸಲು ನಾನೇ ಹೋದೆ. ಸೊರಬದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಕೆಳಗಿನ ಕೋಣೆಗಳಲ್ಲಿ ಹೊಲಿಗೆ ಮತ್ತು ಕಂಪ್ಯೂಟರ್, ಮಹಡಿಯ ಮೇಲೆ ಇವರ ಕ್ಲಾಸು. ಅಲ್ಲಿ ಒಂದು ರಬ್ಬರಿನ ಗೊಂಬೆ ನೆಲದ ಮೇಲೆ ಅಂಗಾತ ಮಲಗಿತ್ತು. ತಲೆ ಮತ್ತು ಎದೆ ಅಷ್ಟೇ. ಹುಡುಗರು ಸರದಿಯ ಮೇಲೆ ಅದರ ಎದೆ ಒತ್ತುತ್ತಿದ್ದರು.

"ಪಾಪ, ಇದರ ಕೈಕಾಲು ಎಲ್ಲಿ ಹೋದವು?" ಎಂದು ಕೇಳಿಬಿಟ್ಟೆ.

ಮೇಷ್ಟ್ರು ನಕ್ಕರು. "ಉಸಿರು ಉಳೀಲಿ ಯಜಮಾನ್ರೇ, ಕೈಕಾಲು ಆಮೇಲೆ ನೋಡೋಣ."

ಸೊರಬದಲ್ಲಿ ಇನ್ನಿಬ್ಬರು ಹುಡುಗಿಯರ ಜತೆ ಬಾಡಿಗೆ ರೂಮಿನಲ್ಲಿದ್ದಳು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದಳು. ಬಂದವಳೇ ಕೈಕಾಲು ತೊಳೆದು, ಆ ವಾರ ಕಲಿತದ್ದನ್ನೆಲ್ಲ ನನ್ನ ಮೈಮೇಲೆ ಮಾಡುತ್ತಿದ್ದಳು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಒಂದು ಶನಿವಾರ ನನ್ನ ಕಾಲು ಮುರಿದಿದೆ ಎಂದು ಇಟ್ಟುಕೊಂಡು, ಎರಡು ಬಿದಿರು ದಬ್ಬೆ ಇಟ್ಟು, ಅಜ್ಜಿಯ ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದಳು. ಅಷ್ಟರಲ್ಲಿ ಕುರಿಗಳು ಮನೆಗೆ ಬಂದವು. ನಾನು ಏಳುವಂತಿಲ್ಲ. ಹೆಂಡತಿ ಒಬ್ಬಳೇ ಅವನ್ನು ಹಟ್ಟಿಗೆ ಕೂಡುತ್ತಾ, "ನಿಜವಾಗಿ ಕಾಲು ಮುರಿದೋರೂ ಇಷ್ಟು ಚಂದ ನಗ್ತಾ ಕೂತಿರಲ್ಲ ನೋಡು" ಎಂದು ಕೂಗಿದಳು.

ಬಿಪಿ ನೋಡುವ ಯಂತ್ರವನ್ನು ಕಾಲೇಜಿನಿಂದ ಕೇಳಿ ತರುತ್ತಿದ್ದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಳು.

"ಅಜ್ಜ, ಮಾತಾಡಬ್ಯಾಡ. ಮಾತಾಡಿದ್ರೆ ಬಿಪಿ ಜಾಸ್ತಿ ತೋರಿಸ್ತದೆ."

"ಮಾತಾಡದೆ ಇದ್ರೆ ನಂಗೆ ಇನ್ನೂ ಜಾಸ್ತಿ ಆಗ್ತದೆ ಮಗಾ."

"ಬಾಯಿಗೂ ಒಂದು ಪಟ್ಟಿ ಸುತ್ತೇ ಅದಕ್ಕೆ" ಎಂದಳು ಹೆಂಡತಿ ಒಳಗಿನಿಂದ.

ಹೀಗೆ ನಡೆಯುತ್ತಿರುವಾಗ ಒಂದು ಶನಿವಾರ ನನ್ನನ್ನು ಚಾಪೆಯ ಮೇಲೆ ಮಲಗಿಸಿದಳು. ನಾನು ಎಚ್ಚರ ತಪ್ಪಿದವನು. ಒಂದು ಮೊಣಕಾಲು ಮಡಿಸಿದಳು, ಕೈಯನ್ನು ಕೆನ್ನೆಯ ಕೆಳಗೆ ಇಟ್ಟಳು, ಇಡೀ ಮೈಯನ್ನು ಒಂದೇ ಸಲಕ್ಕೆ ಮಗ್ಗುಲಿಗೆ ಹೊರಳಿಸಿದಳು. ಅಷ್ಟು ಹಗುರವಾಗಿ ಹೊರಳಿದೆನಲ್ಲ ಎಂದು ನನಗೇ ಬೆರಗಾಯಿತು. ಅವಳು ನನ್ನ ಬೆನ್ನಿನ ಹಿಂದೆ ಕೂತು ಪಾಠ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು.

"ಎಚ್ಚರ ಇಲ್ಲದೋರನ್ನ ಅಂಗಾತ ಬಿಡಬಾರದು. ಅವರಿಗೆ ನುಂಗೋ ಶಕ್ತಿ ಇರಲ್ಲ. ಬಾಯಲ್ಲಿದ್ದದ್ದು ಉಸಿರಿನ ದಾರಿಗೆ ಇಳಿದುಬಿಡ್ತದೆ. ಅದಕ್ಕೇ ಬಾಯಿಗೆ ಏನೂ ಹಾಕಬಾರದು. ಒಂದು ಚಮಚ ನೀರು ಸೈತ ಹಾಕಬಾರದು. ನಮ್ಮೂರ ಕಡೆ ಅದೇ ತಪ್ಪು ಮಾಡ್ತಾರಂತೆ, ಬಿದ್ದೋರಿಗೆ ಮೊದಲು ನೀರು ಹಾಕೋದು."

ನನ್ನ ಮುಖ ಗೋಡೆಯ ಕಡೆಗಿತ್ತು. ಗೋಡೆಯ ಬುಡದಲ್ಲಿ ಇರುವೆ ಸಾಲು ಹೋಗುತ್ತಿತ್ತು. ಅದನ್ನೇ ನೋಡುತ್ತಾ ಮಲಗಿದ್ದೆ.

"ಅಜ್ಜ, ಮುಗೀತು, ಏಳು. ನಿದ್ದೆ ಬಂತೇನು?"

"ಹೂಂ ಮಗಾ, ಒಂಚೂರು ಬಂತು" ಎಂದೆ.

ಈಗ ಹದಿಮೂರು ವರ್ಷದ ಹಿಂದಿನದ್ದನ್ನು ಹೇಳಬೇಕು. ಅದಕ್ಕೂ ಮೊದಲು ಗೊಟ್ಟದ ವಿಷಯ ಹೇಳಬೇಕು.

ಗೊಟ್ಟ ಎಂದರೆ ದನಕ್ಕೆ, ಕುರಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಒಂದು ಕಡೆ ಗಿಣ್ಣು ಇರುತ್ತದೆ, ಇನ್ನೊಂದು ಕಡೆ ಓರೆಯಾಗಿ ಕತ್ತರಿಸಿ ನುಣ್ಣಗೆ ಹೆರೆದಿರುತ್ತಾರೆ. ಕುರಿಯನ್ನು ಎರಡು ಮೊಣಕಾಲ ನಡುವೆ ಹಿಡಿದು, ಗಲ್ಲ ಸ್ವಲ್ಪವೇ ಎತ್ತಿ, ಬಾಯಿಯ ಪಕ್ಕದಿಂದ ಗೊಟ್ಟ ತೂರಿಸಿ, ಅದು ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು ಗುಟುಕು ಬಿಡಬೇಕು. ಕೆಮ್ಮಿದರೆ ತಕ್ಷಣ ತಲೆ ಕೆಳಗೆ ಬಿಡಬೇಕು. ಮಲಗಿಬಿಟ್ಟ ಕುರಿಗೆ, ಕತ್ತು ನಿಲ್ಲದ ಕುರಿಗೆ ಗೊಟ್ಟ ಹಾಕಲೇಬಾರದು, ಹಾಕಿದರೆ ಔಷಧಿಯೇ ಅದನ್ನು ಕೊಲ್ಲುತ್ತದೆ. ಇದನ್ನು ನನ್ನ ಅಪ್ಪ ನನಗೆ ಎಂಟು ವರ್ಷಕ್ಕೇ ಕಲಿಸಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಗೊಟ್ಟ ಹಾಕಲು ನನ್ನನ್ನೇ ಕರೆಯುತ್ತಿದ್ದರು. ನನ್ನ ಕೈಯಲ್ಲಿ ಒಂದು ಕುರಿಯೂ ಹಾಗೆ ಸತ್ತಿರಲಿಲ್ಲ.

ಮಗಳಿಗೆ ಚಿಕ್ಕಂದಿನಿಂದ ಆಗೊಮ್ಮೆ ಈಗೊಮ್ಮೆ ಮೂರ್ಛೆ ಬರುತ್ತಿತ್ತು. ಮಾತ್ರೆ ಇತ್ತು. ನುಂಗುವುದನ್ನು ಅವಳೂ ಮರೆಯುತ್ತಿದ್ದಳು, ನಾವೂ ಮರೆಯುತ್ತಿದ್ದೆವು. ಆ ದಿನ ಮಧ್ಯಾಹ್ನ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಬಿದ್ದಳು. ನಾನು ಓಡಿಹೋಗಿ ಎತ್ತಿಕೊಂಡು ಬಂದು ಮನೆಯ ಮುಂದಿನ ಚಪ್ಪರದ ಕೆಳಗೆ ಮಲಗಿಸಿದೆ. ಕೈಕಾಲು ಸೆಳೆಯುವುದು ನಿಂತಿತ್ತು, ಆದರೆ ಎಚ್ಚರ ಬರಲಿಲ್ಲ. ಹೊಲದಲ್ಲಿದ್ದ ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ಗಾಡಿಗೆ ದಾರಿ ತೋರಿಸಲು ಹೆಂಡತಿ ರಸ್ತೆಗೆ ಓಡಿದಳು. ಮೊಮ್ಮಗಳು ಶಾಲೆಯಲ್ಲಿದ್ದಳು. ಚಪ್ಪರದ ಕೆಳಗೆ ಮಗಳ ಹತ್ತಿರ ನಾನೊಬ್ಬನೇ.

ಏನಾದರೂ ಮಾಡಬೇಕಲ್ಲ. ಸುಮ್ಮನೆ ಕೂತು ಮಗಳ ಮುಖ ನೋಡುವುದು ಹೇಗೆ? ತುಂಬೆ ಸೊಪ್ಪು ಅರೆದು, ಮೆಣಸು, ಬೆಳ್ಳುಳ್ಳಿ ಜಜ್ಜಿ ರಸ ಮಾಡಿದೆ. ಲೋಟದಲ್ಲಿ ಕುಡಿಸಲು ಹೋದರೆ ಹಲ್ಲು ಕಚ್ಚಿಕೊಂಡಿತ್ತು. ಆಗ ಗೊಟ್ಟ ನೆನಪಾಯಿತು. ಕೆನ್ನೆಯ ಪಕ್ಕದಿಂದ ತೂರಿಸಿದರೆ ಹಲ್ಲು ಬಿಡಿಸುವ ಕೆಲಸವೇ ಇಲ್ಲ. ಎರಡು ಗೊಟ್ಟ ರಸ ಬಿಟ್ಟೆ. ಒಳಗೆ ಹೋಯಿತು ಎಂದು ನನಗೆ ಸಮಾಧಾನವಾಯಿತು. ಗಂಟಲಲ್ಲಿ ಗೊರಗೊರ ಸದ್ದು ಬಂತು. ಔಷಧಿ ಹಿಡಿಯಿತು ಎಂದುಕೊಂಡೆ. ಕುರಿಗೆ ಮಾಡಬಾರದು ಎಂದು ಗೊತ್ತಿದ್ದದ್ದನ್ನು ನಾನು ನನ್ನ ಮಗಳಿಗೆ ಮಾಡಿದೆ. ಅವಳು ಕುರಿಯಲ್ಲ, ಮಗಳು, ಅದಕ್ಕೇ ನೆನಪಾಗಲಿಲ್ಲವೋ ಏನೋ. ಕುರಿಯಾಗಿದ್ದರೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು.

ಆಂಬುಲೆನ್ಸ್ ಬಂತು. ಒಬ್ಬ ಸಣ್ಣ ವಯಸ್ಸಿನವನು ಇಳಿದ. ಅವಳ ಕಣ್ಣು ಬಿಡಿಸಿ ನೋಡಿದ, ನಾಡಿ ಹಿಡಿದ. ನನ್ನ ಕಡೆ ನೋಡಿ ಕೇಳಿದ: "ಬಾಯಿಗೆ ಏನಾದ್ರೂ ಹಾಕಿದ್ರೇನ್ರೀ?"

ಗಾಡಿಯ ಸದ್ದಿಗೆ ಸೇರಿದ ಜನ ಸುತ್ತ ನಿಂತಿದ್ದರು. ಹಿಂದಿನ ವರ್ಷವಷ್ಟೇ ದನದ ಡಾಕ್ಟರು ಹತ್ತು ಜನರ ಮುಂದೆ, ನಾಟಿ ಔಷಧಿ ಹಾಕುತ್ತೀಯಾ ಎಂದು ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದರು. ಆ ಅವಮಾನ ನೆನಪಾಯಿತು. ಕಾಲಿನಿಂದ ಗೊಟ್ಟವನ್ನು ಗೋಣಿಚೀಲದ ಕೆಳಗೆ ಸರಿಸಿದೆ.

"ಇಲ್ಲ ರೀ" ಎಂದೆ.

ಅವನು ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಇಲ್ಲ ಎಂದೆ. ಶಿಕಾರಿಪುರ ಮುಟ್ಟುವ ಮೊದಲೇ ದಾರಿಯಲ್ಲಿ ಹೋದಳು. ಆಸ್ಪತ್ರೆಯಲ್ಲಿ, ಬರುವಾಗಲೇ ಜೀವ ಇರಲಿಲ್ಲ ಎಂದರು. ಗಾಡಿ ಲೇಟಾಗಿ ಬಂತು ಎಂದು ಯಾರೋ ಅಂದರು. ಆ ಮಾತನ್ನು ನಾನು ಹಿಡಿದುಕೊಂಡೆ. ಆ ಹುಡುಗನಿಗೆ ಕೆಲಸ ಗೊತ್ತಿರಲಿಲ್ಲ ಎಂದು ಇನ್ಯಾರೋ ಅಂದರು. ಅದನ್ನೂ ಬೇಡ ಎನ್ನಲಿಲ್ಲ. ಗೊಟ್ಟ ಆಮೇಲೆ ಯಾವಾಗಲೋ ಅಟ್ಟದ ಮೇಲೆ ಕಂಡಿತು. ಅದನ್ನು ನಾನು ಮತ್ತೆ ಮುಟ್ಟಲಿಲ್ಲ. ಕರೆಯಲು ಬಂದವರಿಗೆ ಕೈ ನಡುಗುತ್ತದೆ ಎಂದು ಹೇಳಿ ಕಳಿಸುತ್ತಿದ್ದೆ.

ಚಾಪೆಯ ಮೇಲೆ ಮಲಗಿ ಇರುವೆ ಸಾಲು ನೋಡುವ ತನಕ, ನಾನು ಮಾಡಿದ್ದು ತಪ್ಪಿರಬಹುದು ಎಂಬ ಸಂಶಯವಷ್ಟೇ ಇತ್ತು. ಅವತ್ತು ಅದು ಗಟ್ಟಿಯಾಯಿತು. ಹೇಳಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. ಅವ್ವನಿಗೆ ಆಂಬುಲೆನ್ಸ್ ಲೇಟಾಯಿತು ಎಂದೇ ಅವಳು ಈ ಓದಿಗೆ ಸೇರಿದವಳು. ಆ ಮಾತನ್ನೇ ಅವಳಿಂದ ಕಿತ್ತುಕೊಂಡರೆ ಓದನ್ನು ಬಿಟ್ಟುಬಿಡುತ್ತಾಳೇನೋ, ನನ್ನನ್ನೂ ಬಿಟ್ಟುಬಿಡುತ್ತಾಳೇನೋ ಎಂಬ ಭಯ. ಪ್ರತಿ ಶನಿವಾರ ಬಸ್ಸಿನಿಂದ ಇಳಿದು ನಗುತ್ತಾ ಬರುವ ಮುಖ ನೋಡಿ, ಮುಂದಿನ ವಾರ ಹೇಳೋಣ ಎಂದುಕೊಳ್ಳುತ್ತಿದ್ದೆ.

ಕೊನೆಗೆ ನಾನು ಹೇಳಲಿಲ್ಲ. ಅವಳೇ ಕೇಳಿದಳು.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿತ್ತು. ರೋಗಿಯ ಕಡೆಯವರನ್ನು ಏನೇನು ಕೇಳಬೇಕು ಎಂದು ಅಚ್ಚು ಹಾಕಿದ ಒಂದು ಹಾಳೆ ತಂದಿದ್ದಳು. ನನ್ನ ಕಂಬಳಿಯನ್ನು ಉದ್ದಕ್ಕೆ ಸುತ್ತಿ ಚಾಪೆಯ ಮೇಲೆ ಮಲಗಿಸಿದಳು.

"ಅಜ್ಜ, ನೀನು ಪೇಷೆಂಟ್ ಕಡೆಯೋನು."

"ಪೇಷೆಂಟ್ ಯಾರು?"

"ಕಂಬಳಿ. ಪಾಪ, ಎಚ್ಚರ ತಪ್ಪಿ ಬಿದ್ದೈತೆ."

ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. "ಆ ಕಂಬಳಿಗೆ ಎಚ್ಚರ ಇದ್ದದ್ದು ಯಾವಾಗ? ಒಗೆದು ವರ್ಷ ಆಯ್ತು" ಎಂದಳು. ಮೂವರೂ ನಕ್ಕೆವು.

ಮೊಮ್ಮಗಳು ಗಂಟಲು ಸರಿಮಾಡಿಕೊಂಡು, ಪರೀಕ್ಷೆಯಲ್ಲಿ ಕೇಳುವ ದನಿಯಲ್ಲಿ ಶುರು ಮಾಡಿದಳು. "ಯಜಮಾನ್ರೇ, ಇವರು ನಿಮಗೆ ಏನಾಗಬೇಕು?"

"ಮಗಳು" ಎಂದೆ. ಬಾಯಿಂದ ತಾನಾಗಿ ಬಂತು.

ಅವಳು ಬರೆದುಕೊಂಡಳು. ಎಷ್ಟು ಹೊತ್ತಾಯಿತು, ಹಿಂದೆ ಹೀಗೆ ಆಗಿತ್ತಾ, ಮಾತ್ರೆ ತೆಗೆದುಕೊಳ್ಳುತ್ತಾರಾ, ಎಲ್ಲ ಕೇಳಿದಳು. ಆಮೇಲೆ ಕೇಳಿದಳು: "ಬಾಯಿಗೆ ಏನಾದ್ರೂ ಹಾಕಿದ್ರೇನ್ರೀ?"

ಅದೇ ಮಾತು, ಅದೇ ರೀ. ಆ ಹುಡುಗ ಚಪ್ಪರದ ಕೆಳಗೆ ಬಗ್ಗಿ ಕೂತು ನನ್ನ ಮುಖ ನೋಡಿದ ಹಾಗೆಯೇ ಇವಳೂ ನೋಡುತ್ತಿದ್ದಳು.

"ಹೂಂ" ಎಂದೆ.

"ಅಯ್ಯೋ ಅಜ್ಜ, ಇಲ್ಲ ಅನ್ನು. ಹೂಂ ಅಂದ್ರೆ ಇನ್ನೊಂದು ಹಾಳೆ ಪ್ರಶ್ನೆ ಕೇಳಬೇಕು ನಾನು."

"ಇಲ್ಲ ಅಂತ ಒಂದ್ಸಲ ಹೇಳಿದೀನಿ ಮಗಾ. ಇನ್ನೊಂದ್ಸಲ ಹೇಳಕ್ಕೆ ಆಗಲ್ಲ. ಗೊಟ್ಟದಲ್ಲಿ ಹಾಕಿದ್ದೆ. ನಿಮ್ಮವ್ವನಿಗೆ."

ಅಜ್ಜಿಯ ಮೊರ ನಿಂತಿತು. ಮೊಮ್ಮಗಳು ಅಳುತ್ತಾಳೆ, ಎದ್ದು ಹೋಗುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಅವಳು ಹಾಳೆ ತಿರುಗಿಸಿದಳು.

"ಏನು ಹಾಕಿದ್ರಿ?"

ಹೇಳಿದೆ.

"ಎಷ್ಟು ಹಾಕಿದ್ರಿ?"

"ಎರಡು ಗೊಟ್ಟ."

"ಹಾಕಿದ ಮೇಲೆ ಕೆಮ್ಮಿದ್ರಾ?"

"ಇಲ್ಲ. ಗೊರಗೊರ ಅಂತು."

"ಆಂಬುಲೆನ್ಸ್‌ನೋರು ಕೇಳಿದ್ರಾ?"

"ಎರಡು ಸಲ ಕೇಳಿದ."

"ನೀವು ಹೇಳಿದ್ರಾ?"

"ಇಲ್ಲ."

ಒಂದೊಂದನ್ನೂ ಬರೆದುಕೊಂಡಳು. ಪರೀಕ್ಷೆಯ ಆಟದಲ್ಲಿ ಶುರುವಾದ ನೀವು, ಆಟ ಮುಗಿದ ಮೇಲೂ ನೀವಾಗಿಯೇ ಉಳಿಯಿತು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು. ಆ ಒಂದು ನೀವು ನನ್ನನ್ನು ಸುಟ್ಟ ಹಾಗೆ ಯಾವ ಬೈಗುಳವೂ ಸುಡುತ್ತಿರಲಿಲ್ಲ.

ಹಾಳೆ ಮಡಿಸಿ ಬ್ಯಾಗಿನಲ್ಲಿಟ್ಟಳು. "ಹದಿಮೂರು ವರ್ಷ ಆ ಮನುಷ್ಯನ್ನ ಬೈದೀವಿ" ಎಂದಳು. "ಅವರಿಗೂ ಒಂದು ಮನೆ ಇರ್ತದೆ. ಒಂದು ಜೀವ ಕಳೆದೆ ಅಂದ್ಕೊಂಡು ಅವತ್ತು ಮನೆಗೆ ಹೋಗಿರ್ತಾರೆ." ಕಂಬಳಿ ಚಾಪೆಯ ಮೇಲೆಯೇ ಬಿದ್ದಿತ್ತು. ಅದನ್ನು ಬಿಚ್ಚಿ ಮಡಿಸಿ ಗಳುವಿನ ಮೇಲೆ ಹಾಕಿದಳು. ಮಾರನೆಯ ದಿನ ಬೆಳಗಿನ ಬಸ್ಸಿಗೇ ಸೊರಬಕ್ಕೆ ಹೋದಳು.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದ್ದಕ್ಕೂ ಬರಲಿಲ್ಲ. ಅಜ್ಜಿಗೆ ಫೋನು ಮಾಡುತ್ತಿದ್ದಳು. ಊಟ ಆಯ್ತಾ, ಮರಿ ಹಾಕಿದ ಕುರಿ ಹೇಗಿದೆ, ಅಷ್ಟೇ. ನಾನು ಫೋನಿನ ಪಕ್ಕದಲ್ಲಿ ಕೂತಿರುತ್ತಿದ್ದೆ. ಕೊಡು ಎಂದು ಅವಳೂ ಹೇಳಲಿಲ್ಲ, ಕೊಡು ಎಂದು ನಾನೂ ಕೇಳಲಿಲ್ಲ.

ಹೆಂಡತಿಯೂ ಮಾತು ಕಡಿಮೆ ಮಾಡಿದ್ದಳು. ಒಂದು ದಿನ ಗುಡಿಯ ಹಿಂದಿನ ಬಯಲಿನಲ್ಲಿ ಕುರಿ ಬಿಟ್ಟುಕೊಂಡು ಇಬ್ಬರೂ ಕೂತಿದ್ದಾಗ ನಾನೇ ಕೇಳಿದೆ. "ನಿನಗೂ ಹೇಳಲಿಲ್ಲ ಅಂತ ಸಿಟ್ಟೇನೇ?"

"ನನಗೇನು ಹೇಳೋದಿತ್ತು?" ಎಂದಳು. ಮುಳ್ಳು ಚುಚ್ಚಿಕೊಂಡ ಮರಿಯ ಗೊರಸು ಹಿಡಿದು ನೋಡುತ್ತಿದ್ದಳು, ತಲೆ ಎತ್ತಲಿಲ್ಲ. "ಗೋಣಿಚೀಲದ ಕೆಳಗಿದ್ದ ಗೊಟ್ಟ ತೊಳೆದು ಅಟ್ಟದ ಮೇಲೆ ಇಟ್ಟೋಳು ಯಾರು ಅನ್ಕೊಂಡಿದ್ರಿ?"

ಹದಿಮೂರು ವರ್ಷದಲ್ಲಿ ಒಂದು ದಿನವೂ ಆ ಗೊಟ್ಟ ತಾನಾಗಿ ಅಟ್ಟ ಹತ್ತಿತೇ ಎಂದು ನಾನು ಕೇಳಿಕೊಂಡಿರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನೀವು ಅನ್ನ ಬಿಟ್ಟು ಮೂಲೆ ಹಿಡಿದಿದ್ರಿ. ಮಗು ಅವ್ವ ಎಲ್ಲಿ ಅಂತ ಬಾಗಿಲಲ್ಲೇ ಕೂರ್ತಿತ್ತು. ಕುರಿ ಹಟ್ಟಿಯಲ್ಲಿ ಅರಚ್ತಿದ್ವು. ನಾನೂ ಬಾಯಿ ಬಿಟ್ಟಿದ್ರೆ ಮನೆ ಏನಾಗ್ತಿತ್ತು?" ಮುಳ್ಳು ಕಿತ್ತು ಮರಿಯನ್ನು ಬಿಟ್ಟಳು. "ಸಿಟ್ಟಿರಲಿಲ್ಲ ಅಂತ ಅನ್ಕೋಬ್ಯಾಡ್ರಿ. ಇತ್ತು. ರಾಗಿ ಬೀಸೋವಾಗ, ನೀರು ಸೇದೋವಾಗ ಬರ್ತಿತ್ತು. ಬಂದು ಹೋಗ್ತಿತ್ತು."

ಮೂರನೆಯ ಶನಿವಾರವೂ ಬರದೆ ಇದ್ದಾಗ, ಸೋಮವಾರ ಹೆಂಡತಿ ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿ ಕೈಗೆ ಕೊಟ್ಟಳು. "ಹೋಗಿ ಕೊಟ್ಟು ಬರ್ರಿ. ಮಾತಾಡಿದ್ರೆ ಮಾತಾಡಿ, ಇಲ್ಲದಿದ್ರೆ ರೊಟ್ಟಿ ಕೊಟ್ಟು ಬಸ್ ಹತ್ತಿ."

ಕಾಲೇಜಿನ ಗೇಟಿನ ಹತ್ತಿರ ಮಧ್ಯಾಹ್ನದ ತನಕ ನಿಂತೆ. ಅವಳು ಹೊರಗೆ ಬಂದಳು, ನನ್ನನ್ನು ನೋಡಿದಳು, ಜತೆಯ ಹುಡುಗಿಯರಿಗೆ ಏನೋ ಹೇಳಿ ಬಂದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಅಡಿಕೆ ಮೂಟೆ ಹೇರಿದ ಗಾಡಿಗಳು ಹೋಗುತ್ತಿದ್ದವು.

"ನಮ್ಮ ಸರ್‌ನ ಕೇಳಿದೆ" ಎಂದಳು. "ಯಾರಿಗೆ ಆದದ್ದು ಅಂತ ಹೇಳಲಿಲ್ಲ. ಹಿಂಗಿಂಗೆ ಆಗಿದ್ರೆ ಉಳೀತಿದ್ರಾ ಅಂತ ಅಷ್ಟೇ."

"ಏನಂದ್ರು?"

"ಹೇಳಕ್ಕಾಗಲ್ಲ ಅಂದ್ರು. ಉಳೀತಿದ್ರೇನೋ, ಇಲ್ಲವೇನೋ. ಗಾಡಿಯಲ್ಲಿ ಒಂದು ಮಿಷನ್ ಇರ್ತದೆ ಅಜ್ಜ, ಗಂಟಲಲ್ಲಿ ನಿಂತದ್ದನ್ನ ಎಳೆದು ತೆಗೆಯೋದು. ಬಾಯಿಗೆ ಹಾಕಿದಾರೆ ಅಂತ ಗೊತ್ತಿದ್ರೆ ಮೊದಲು ಅದನ್ನೇ ಹಾಕ್ತಿದ್ರು ಅಂದ್ರು."

ಆಗ ನನಗೆ ಅರ್ಥವಾಯಿತು. ನನ್ನ ದೊಡ್ಡ ತಪ್ಪು ಗೊಟ್ಟ ಎಂದು ನಾನು ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದು ಆ ಎರಡು ಅಕ್ಷರ, ಇಲ್ಲ.

"ಹಾಕಿದ್ದಕ್ಕೆ ನಂಗೆ ಸಿಟ್ಟಿಲ್ಲ" ಎಂದಳು. "ಉಳಿಸಬೇಕು ಅಂತಲೇ ಹಾಕಿದ್ರಿ. ಕೇಳಿದಾಗ ಇಲ್ಲ ಅಂದ್ರಲ್ಲ ಅಜ್ಜ. ಅದು ಹೋಗ್ತಾ ಇಲ್ಲ ನಂಗೆ. ಯಾವಾಗ ಹೋಗ್ತದೋ ಗೊತ್ತಿಲ್ಲ."

"ಹೋಗದೆ ಇದ್ರೂ ಪರವಾಗಿಲ್ಲ ಮಗಾ. ಓದು ಮಾತ್ರ ಬಿಡಬ್ಯಾಡ."

"ಓದು ಯಾಕೆ ಬಿಡ್ಲಿ? ಈಗಲೇ ಅಲ್ವಾ ಓದಬೇಕಾದ್ದು?" ಎಂದು ಸಿಡುಕಿದಳು. ರೊಟ್ಟಿಯ ಗಂಟು ಬಿಚ್ಚಿ, ಒಂದನ್ನು ಮುರಿದು ಅರ್ಧ ನನಗೆ ಕೊಟ್ಟಳು. "ನೀನೂ ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ."

ನೀನು ಎಂದಳು. ನಾನು ರೊಟ್ಟಿಗೆ ಚಟ್ನಿ ಸವರಿ ಬಾಯಿಗಿಟ್ಟುಕೊಂಡೆ.

ಪರೀಕ್ಷೆ ಪಾಸಾದಳು. ಆಮೇಲೆ ಕೆಲವು ತಿಂಗಳು ನಿಜವಾದ ಆಂಬುಲೆನ್ಸಿನಲ್ಲಿ, ದೊಡ್ಡವರ ಕೈಕೆಳಗೆ ಕಲಿಯಬೇಕು. ನಮ್ಮ ಕಡೆಯ ಗಾಡಿಗೇ ಹಾಕಿದ್ದರು. ಶನಿವಾರಗಳಲ್ಲಿ ಮತ್ತೆ ಬರಲು ಶುರು ಮಾಡಿದ್ದಳು. ಆದರೆ ನನ್ನ ಮೈಮೇಲೆ ಏನನ್ನೂ ಕಲಿಯುತ್ತಿರಲಿಲ್ಲ. ಬಂದು, ಉಂಡು, ಅಜ್ಜಿಯ ಪಕ್ಕ ಮಲಗಿ ಹೋಗುತ್ತಿದ್ದಳು.

ಮೆಕ್ಕೆಜೋಳ ಬಿಡಿಸುವ ಕಾಲ. ಒಂದು ದಿನ ಮಧ್ಯಾಹ್ನ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಯವನು ಕಣದಲ್ಲಿ ಬಿದ್ದ. ಸಕ್ಕರೆ ಕಾಯಿಲೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಹೋಗುವಷ್ಟರಲ್ಲಿ ಜನ ಸುತ್ತುವರಿದಿದ್ದರು, ಯಾರೋ ಆಂಬುಲೆನ್ಸಿಗೂ ಫೋನು ಮಾಡಿ ಆಗಿತ್ತು. ಅವನ ಹೆಂಡತಿ ತಲೆಯ ಹತ್ತಿರ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅವನು ಎಷ್ಟು ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ನಾನು ಮಗ್ಗುಲಿಗೆ ಹೊರಳಿಸಲು ಬಗ್ಗುತ್ತಿದ್ದಂತೆ ಗಾಡಿಯ ಸದ್ದು ಕೇಳಿತು. ಮೊಮ್ಮಗಳು ಇಳಿದಳು. ನೀಲಿ ಅಂಗಿ, ಕೈಗೆ ಗವಸು. ನನ್ನನ್ನು ನೋಡಿದಳು, ನೋಡದವಳ ಹಾಗೆ ಮೊಣಕಾಲೂರಿ ಕೂತಳು. ಅವಳ ಜತೆಯ ಹಿರಿಯವನು ಸ್ಟ್ರೆಚರ್ ಇಳಿಸುತ್ತಿದ್ದ.

"ಅಕ್ಕಾ, ಬಾಯಿಗೆ ಏನಾದ್ರೂ ಹಾಕಿದ್ರೇನ್ರೀ?" ಎಂದು ಆ ಹೆಣ್ಣುಮಗಳನ್ನು ಕೇಳಿದಳು.

"ಇಲ್ಲವ್ವ. ಏನೂ ಹಾಕಿಲ್ಲ."

ಎರಡು ಸಲ ಇಲ್ಲ ಎಂದಳು. ಹಾಗೆ ಎರಡು ಸಲ ಹೇಳುವುದು ಏನೆಂದು ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಅವಳ ಹಿಂದೆ ಮೊರ ಬೋರಲಾಗಿತ್ತು. ಮೊರದ ಅಂಚಿನಲ್ಲಿ ಹಿತ್ತಾಳೆ ಲೋಟದ ಕಂಠ ಕಾಣುತ್ತಿತ್ತು. ಮೊಮ್ಮಗಳು ಕೂತಲ್ಲಿಂದ ಅದು ಕಾಣುವಂತಿರಲಿಲ್ಲ.

ಇಡೀ ಊರು ನಿಂತಿತ್ತು. ಹದಿಮೂರು ವರ್ಷ ನನ್ನ ಜತೆಗೆ ಆ ಹಳೆಯ ಆಂಬುಲೆನ್ಸಿನವನನ್ನು ಬೈದ ಜನವೇ.

"ಹೇಳಿಬಿಡವ್ವ" ಎಂದೆ. "ಅವಳು ಬೈಯಲ್ಲ. ನಾನೂ ಹಿಂಗೇ ಇಲ್ಲ ಅಂದಿದ್ದೆ. ನನ್ನ ಮಗಳಿಗೆ ಗೊಟ್ಟದಲ್ಲಿ ರಸ ಹಾಕಿ, ಕೇಳಿದ್ರೆ ಇಲ್ಲ ಅಂದೆ. ಗಾಡಿ ಲೇಟಾಗಿರಲಿಲ್ಲ. ನೀನು ನನ್ನಂಗೆ ಮಾಡ್ಕೋಬ್ಯಾಡ."

ಆ ಹೆಣ್ಣುಮಗಳು ನನ್ನ ಮುಖ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. "ಬೆಲ್ಲದ ನೀರು" ಎಂದು ಅತ್ತಳು. "ಸಕ್ಕರೆ ಇಳಿದಿರಬಹುದು ಅಂತ ಒಂದು ಲೋಟ ಹಾಕಿದೆ. ಅರ್ಧ ಹೊರಗೆ ಬಂತು, ಅರ್ಧ ಒಳಗೆ ಹೋಯ್ತವ್ವ."

"ಆಯ್ತಕ್ಕ, ಹೇಳಿದ್ರಲ್ಲ, ಸಾಕು" ಎಂದಳು ಮೊಮ್ಮಗಳು. ಹಿರಿಯವನ ಕಡೆ ತಿರುಗಿ ಏನೋ ಕೇಳಿದಳು. ಅವನು ಒಂದು ಪೆಟ್ಟಿಗೆ ಕೊಟ್ಟ. ಇಬ್ಬರೂ ಸೇರಿ ರೋಗಿಯನ್ನು ಮಗ್ಗುಲಿಗೆ ಹೊರಳಿಸಿದರು. ನನ್ನನ್ನು ಚಾಪೆಯ ಮೇಲೆ ಹೊರಳಿಸಿದ ಹಾಗೆಯೇ, ಮೊಣಕಾಲು ಮಡಿಸಿ, ಕೈ ಕೆನ್ನೆಯ ಕೆಳಗಿಟ್ಟು. ಸಣ್ಣ ಕೊಳವೆಯನ್ನು ಬಾಯಿಯೊಳಗೆ ಬಿಟ್ಟಳು. ಮಿಷನ್ ಸದ್ದು ಮಾಡಿತು. ಪಕ್ಕದ ಬಾಟಲಿಗೆ ಕಂದು ಬಣ್ಣದ ನೀರು ಸುರ್ರನೆ ಬಂತು. ಅವನು ಒಮ್ಮೆ ದೊಡ್ಡದಾಗಿ ಉಸಿರೆಳೆದ.

ಗಾಡಿ ಹೊರಟುಹೋಯಿತು. ಜನ ಒಬ್ಬೊಬ್ಬರಾಗಿ ಚದುರಿದರು. ಕೆಲವರು ಮುಖ ತಿರುಗಿಸಿಕೊಂಡು ಹೋದರು. ನಾನು ಕಣದಲ್ಲೇ ನಿಂತಿದ್ದೆ. ಕಣ್ಣಿನಿಂದ ಆ ಬಾಟಲಿ ಹೋಗುತ್ತಿರಲಿಲ್ಲ. ಬೆಲ್ಲದ ನೀರು ಕಂದು. ತುಂಬೆ ಸೊಪ್ಪಿನ ರಸ ಹಸಿರು. ಅವತ್ತು ನಾನು ಹೂಂ ಎಂದಿದ್ದರೆ ಆ ಹುಡುಗನ ಬಾಟಲಿಗೆ ಹಸಿರು ಬರುತ್ತಿತ್ತು. ಬಂದು ನನ್ನ ಮಗಳೂ ಹಾಗೆ ಒಮ್ಮೆ ದೊಡ್ಡದಾಗಿ ಉಸಿರೆಳೆಯುತ್ತಿದ್ದಳೋ ಏನೋ.

ಅವನು ಐದನೆಯ ದಿನ ಮನೆಗೆ ಬಂದ. ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದು, ಒಳಗೆ ಬರದೆ, ಒಂದು ಮೊರ ಅವರೆಕಾಯಿ ಇಟ್ಟು ಹೋದಳು.

ಮೊಮ್ಮಗಳು ಶನಿವಾರ ಬಂದಳು. ಊಟ ಮಾಡಿದಳು. ಅಜ್ಜಿಯ ಜತೆ ಅವರೆಕಾಯಿ ಸುಲಿದಳು. ಆಮೇಲೆ ಎದ್ದು ಬ್ಯಾಗಿನಿಂದ ಬಿಪಿ ಯಂತ್ರ ತೆಗೆದು, ಮೊದಲಿನ ಹಾಗೆ ನನ್ನ ಎದುರಿಗೆ ಕೂತಳು.

"ಅಜ್ಜ, ಕೈ ಕೊಡು."

ಕೊಟ್ಟೆ. ತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ತುಂಬತೊಡಗಿದಳು.

"ನೀನು ಹೇಳದೆ ಇದ್ದಿದ್ರೆ ಅವತ್ತು ಅವರ ಮಾತು ನಂಬಿ ಹಂಗೇ ಗಾಡಿಗೆ ಹಾಕ್ತಿದ್ದೆ ನಾನು" ಎಂದಳು. "ಆಮೇಲೆ ಊರೆಲ್ಲ ಲೇಟಾಗಿ ಬಂದೆ ಅಂತಿದ್ರು."

ನಾನು ಬಾಯಿ ತೆರೆದೆ.

"ಮಾತಾಡಬ್ಯಾಡ" ಎಂದಳು. "ಬಿಪಿ ಜಾಸ್ತಿ ತೋರಿಸ್ತದೆ."

ಪಟ್ಟಿ ತೋಳನ್ನು ಬಿಗಿಯಾಗಿ ಹಿಡಿಯಿತು. ಅವಳು ಕಿವಿಗೆ ಕೊಳವೆ ಸಿಕ್ಕಿಸಿಕೊಂಡು, ಯಂತ್ರದ ಮುಳ್ಳಿನ ಮೇಲೆ ಕಣ್ಣಿಟ್ಟು, ನನ್ನ ನಾಡಿಯನ್ನು ಕೇಳುತ್ತಾ ಕೂತಳು. ಈ ಸಲ ನಾನು ಮಾತಾಡಲಿಲ್ಲ.